ಅಜ್ಜಿಯ ಕಾಲು ಯಾರದ್ದು?

"ಸಾಕು ಅಜ್ಜಿ, ಆಗ್ಲೇ ಆರು ಚಮಚ ಆಯ್ತು," ಎಂದಳು ತೆನಿಂಗ್.

ಅಜ್ಜಿ ಕೇಳಿಸದವಳಂತೆ ಟೀ ಪಾತ್ರೆಗೆ ಏಳನೆಯ ಚಮಚ ಸಕ್ಕರೆ ಸುರಿದಳು. "ನಿಮ್ಮಪ್ಪ ಹುಟ್ಟೋಕೆ ಮುಂಚೆಯಿಂದ ಟೀ ಮಾಡ್ತಿದೀನಿ. ನಂಗೆ ಪಾಠ ಹೇಳ್ಬೇಡ."

ತೆನಿಂಗ್‌ಗೆ ಅಳುವೇ ಬಂತು. ಚಪ್ಪಲಿ ಉಜ್ಜಿ ಅಜ್ಜಿಯ ಹಿಮ್ಮಡಿಯಲ್ಲಾದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಸಕ್ಕರೆ ಬಿಡದಿದ್ದರೆ ಕಾಲಿಗೇ ಕುತ್ತು ಎಂದಿದ್ದರು ನರ್ಸ್. ಬರುವ ತಿಂಗಳು ಅತ್ತೆಯ ಮದುವೆ ಬೇರೆ. ಅಜ್ಜಿ ಕುಣಿಯದ ಮದುವೆಯೂ ಒಂದು ಮದುವೆಯೇ?

ಮರುದಿನ ಕ್ಲಾಸಿನಲ್ಲಿ ಟೀಚರ್ ಅದನ್ನೇ ಹೇಳಬೇಕೆ! ಚರ್ಮದ ಒಂದೊಂದು ಕಣವೂ ಪುಟ್ಟ ಒಲೆಯಂತೆ, ಸಕ್ಕರೆಯೇ ಅದರ ಇದ್ದಿಲಂತೆ. ಹದವಾಗಿ ಉರಿದರೆ ಚರ್ಮ ಉಜ್ಜಾಟ ತಡೆಯುತ್ತದೆ, ಹರಿದರೂ ಕೂಡಿಕೊಳ್ಳುತ್ತದೆ. ಉರಿಯದ ಸಕ್ಕರೆ ರಕ್ತದಲ್ಲಿ ರಾಶಿ ಬಿದ್ದರೆ ಚರ್ಮ ಸೋತು ಹೋಗುತ್ತದೆ.

"ನಾನು ಹೇಳಿದ್ರೆ ಅಜ್ಜಿ ಸಿಟ್ಟಾಗ್ತಾಳೆ ಕಣೇ," ಎಂದು ತೆನಿಂಗ್ ಗೆಳತಿ ಸಿಬೆತ್ ಮುಂದೆ ಗೋಳಾಡಿದಳು.

"ನನ್ಮೇಲೆ ಆಗೋ ಹಾಗಿಲ್ವಲ್ಲ," ಸಿಬೆತ್ ಹಲ್ಲು ಕಿರಿದಳು.

ನಿಜ. ಸಿಬೆತ್ ಜೋಲಾ ಹುಡುಗಿ, ತೆನಿಂಗ್ ಮನೆಯವರು ಸೆರೇರ್. ಈ ಎರಡು ಕುಲದವರು ಎದುರಾದರೆ 'ನೀನು ನನ್ನ ಆಳು' ಎಂದು ಕಾಲೆಳೆಯಲೇಬೇಕು, ಯಾರೂ ಕೋಪಿಸಿಕೊಳ್ಳುವಂತಿಲ್ಲ. ಅದು ಮುತ್ತಜ್ಜರ ಕಾಲದ ಕಟ್ಟಳೆ.

ಸಂಜೆ ಸಿಬೆತ್ ಅಂಗಳಕ್ಕೆ ನುಗ್ಗಿದಳು. "ಏ ಆಳೇ, ಯಜಮಾನಿ ಬಂದಿದೀನಿ. ಚಾಪೆ ಹಾಸು."

ಅಜ್ಜಿಯ ಮುಖ ಅರಳಿತು. "ಬಾರೇ ಹೊಟ್ಟೆಬಾಕಿ. ನನ್ನ ಆಳಿಗೆ ಚಾಪೆ ಬೇರೆ ಕೇಡು."

ಟೀಗೆ ಸಕ್ಕರೆ ಹಾಕಹೊರಟ ಅಜ್ಜಿಯ ಕೈಯಿಂದ ಸಿಬೆತ್ ಡಬ್ಬಿ ಕಿತ್ತುಕೊಂಡು ಅದರ ಮೇಲೆಯೇ ಕುಳಿತಳು.

"ಡಬ್ಬಿ ಕೊಡೇ."

"ಕೊಡಲ್ಲ. ನೀನು ನನ್ನ ಆಳು ಅಂದ್ಮೇಲೆ ಆ ಕಾಲೂ ನಂದೇ. ನನ್ನ ಕಾಲು ಹಾಳು ಮಾಡೋಕೆ ನಿಂಗೆ ಯಾರು ಪರ್ಮಿಷನ್ ಕೊಟ್ರು?"

ಅಜ್ಜಿ ನಗತೊಡಗಿದಳು. ನಕ್ಕು ನಕ್ಕು ತಲೆಗೆ ಸುತ್ತಿದ ಬಟ್ಟೆ ಜಾರಿ ಹೆಗಲಿಗೆ ಬಿತ್ತು. ಪಕ್ಕದ ಮನೆಯ ಮೇಕೆ ಬೆದರಿ ಗೋಡೆ ಹಾರಿತು.

"ಒಂದೇ ಒಂದು ಚಮಚ, ಯಜಮಾನಿ?"

"ಅರ್ಧ."

ಅಜ್ಜಿ ಟೀ ಗುಟುಕರಿಸಿ ಮುಖ ಹಿಂಡಿದಳು. "ಇದು ಟೀನಾ, ಔಷಧೀನಾ?" ಆದರೂ ಗ್ಲಾಸು ಖಾಲಿಯಾಯಿತು.

ಸಿಬೆತ್ ಹೋದ ಮೇಲೆ ಅಜ್ಜಿ ಹಿಮ್ಮಡಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು. "ನಾಳೆ ನರ್ಸ್ ಹತ್ರ ಕರ್ಕೊಂಡು ಹೋಗ್ತೀಯಾ? ಒಬ್ಳೇ ಹೋಗೋಕೆ ಭಯ ಕಣೇ."

ಇಷ್ಟು ದಿನ ಅಜ್ಜಿ ಸಿಡುಕಿದ್ದೇಕೆಂದು ತೆನಿಂಗ್‌ಗೆ ಆಗ ಗೊತ್ತಾಯಿತು. ಅವಳು ಅಜ್ಜಿಗೆ ಒತ್ತಿ ಕುಳಿತು, ತನ್ನ ಗ್ಲಾಸಿಗೂ ಅದೇ ಕಹಿ ಟೀ ಸುರಿದುಕೊಂಡು, ಥೇಟ್ ಅಜ್ಜಿಯ ಹಾಗೆಯೇ ಮುಖ ಹಿಂಡಿದಳು.