ಪೈಪಿಲ್ಲದ ನಳಿಕೆ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಾರು ನಿಂತಲ್ಲೇ ನಡುಗುತ್ತಿತ್ತು. ಒಂದು ಮಧ್ಯಾಹ್ನ ಚಿಕ್ಕಮ್ಮ ಅದನ್ನು ನನ್ನ ಗ್ಯಾರೇಜಿಗೆ ತಂದಳು.

ಇಂಜಿನ್ ಓಡುತ್ತಿರುವಂತೆಯೇ ಬಾನೆಟ್ ಎತ್ತಿದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆ, ಅಡಿಯಲ್ಲಿ, ಬೆರಳ ಗಾತ್ರದ ನಳಿಕೆಯೊಂದು ಪೈಪಿಲ್ಲದೆ ಬಾಯಿ ತೆರೆದಿತ್ತು. ಹೆಬ್ಬೆರಳಿನಿಂದ ಮುಚ್ಚಿದೆ. ನಡುಕ ತಟ್ಟನೆ ನಿಂತಿತು. ರೋಗ ಸಿಕ್ಕಿತೆಂದು ಚಿಕ್ಕಮ್ಮನಿಗೆ ಇಂಜಿನ್ ಆಫ್ ಮಾಡಲು ಹೇಳಿದೆ.

ಇಂಜಿನ್ ನಿಂತರೂ ನಳಿಕೆ ನನ್ನ ಬೆರಳನ್ನು ಎಳೆಯುತ್ತಲೇ ಇತ್ತು. ಬೆರಳು ಕಿತ್ತುಕೊಂಡೆ. ನಳಿಕೆ ಬೆಚ್ಚಗೆ, ತೇವವಾಗಿ ಉಸಿರು ಬಿಟ್ಟಿತು. ಚಿಕ್ಕಪ್ಪನ ಕೆಮ್ಮಿನ ಔಷಧಿಯ ವಾಸನೆ ಬಂತು. ಮತ್ತೆ ಗೊರಗೊರ ಎಂದು ಎಳೆದುಕೊಂಡಿತು.

"ಚಿಕ್ಕಮ್ಮಾ, ಇಲ್ಲಿ ಕೇಳು."

ಅವಳು ಬಗ್ಗಿ ಕೇಳಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ನಿಮ್ಮ ಚಿಕ್ಕಪ್ಪ ಕೊನೆಗೊನೆಗೆ ರಾತ್ರಿಯೆಲ್ಲಾ ಹಿಂಗೇ ಗೊರಗೊರ ಅಂತಿದ್ರು. ನಂಗೆ ನಿದ್ದೇನೇ ಇಲ್ಲ. ಮುಚ್ಚಿಬಿಡು."

"ಆದ್ರೆ ಇದು..."

"ಅವತ್ತು ನನ್ನ ಕೈಲಿ ಆಯ್ತು, ನಿನ್ನ ಕೈಲಿ ಆಗಲ್ವಾ?"

ಹಿರಿಯರ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ರಬ್ಬರ್ ಮುಚ್ಚಳ ತೊಡಿಸಿ ಕ್ಲಿಪ್ ಬಿಗಿದೆ. ಮುಚ್ಚಳ ಒಳಕ್ಕೆ ಕುಗ್ಗಿತು, ಉಬ್ಬಿತು, ಇನ್ನೊಮ್ಮೆ ಕುಗ್ಗಿತು. ಆಮೇಲೆ ಅಲುಗಲಿಲ್ಲ.

ಒಂದಿಷ್ಟೂ ನಡುಗದ ಕಾರನ್ನು ಚಿಕ್ಕಮ್ಮ ಓಡಿಸಿಕೊಂಡು ಹೋದಳು.

ಅದೇ ಮಾದರಿಯ ಇಂಜಿನ್‌ಗಳನ್ನು ಆಮೇಲೆ ಬೇಕಾದಷ್ಟು ಬಿಚ್ಚಿದ್ದೇನೆ. ಆ ನಳಿಕೆಯ ಜಾಗದಲ್ಲಿ ಗಟ್ಟಿ ಲೋಹವಿರುತ್ತದೆ, ತೂತೇ ಇರುವುದಿಲ್ಲ.