ಎರಡು ಮಾತು ಬೈದು ಬರ್ತೀನಿ

"ಆಕಿ ಮನಿ ಮುಂದ ಗಾಡಿ ನಿಂದ್ರಿಸಿದ್ಯೋ, ನಾನು ಅಲ್ಲೇ ಇಳಿದು ಬಸ್ ಹತ್ತಿ ಕಂಪ್ಲಿಗೆ ಹೋಗ್ತೀನಿ. ನಿಮ್ಮ ಬೆಟ್ಟನೂ ಬ್ಯಾಡ, ನಿಮ್ಮ ಮಂಜೂ ಬ್ಯಾಡ."

ಜಡೆಪ್ಪಜ್ಜ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಗುದ್ದಿದ.

"ನಿಂದ್ರಿಸ್ತೀನಿ ಅಂತ ಯಾರಂದ್ರು ಯಪ್ಪಾ?" ಎಂದ ಅವನ ಮಗ ಹಂಪೇಶ, ಸ್ಟೇರಿಂಗ್ ತಿರುಗಿಸುತ್ತ. "ಹಂಪಮ್ಮತ್ತಿ ಸುದ್ದಿ ತಗದವನು ನೀನು."

"ಆಕಿ ಸುದ್ದಿ ನನ್ನ ಬಾಯಾಗ ಬರಂಗಿಲ್ಲ."

"ಹೊಸಪೇಟಿ ಬಿಟ್ಟಾಗಿಂದ ಅವರದೇ ಸುದ್ದಿ ನಡದೈತಲ್ರಿ ಮಾವ," ಎಂದಳು ಹಿಂದೆ ಕೂತ ಸೊಸೆ ಸುಧಾರಾಣಿ.

"ಅಪ್ಪ, ಜಲ್ದಿ ಹೊಡಿ. ಬಿಸಿಲು ಬಿದ್ರ ಮಂಜು ಹೋಗಿಬಿಡ್ತೈತಿ," ಎಂದು ಅಮ್ಮನ ಪಕ್ಕದಿಂದ ಗಂಗೋತ್ರಿ ಗೋಗರೆದಳು.

ಅವಳ ಚಿಂತೆಯೇ ಬೇರೆ. ಅವಳ ಕ್ಲಾಸಿನ ಶೈಲಶ್ರೀ ರಜೆಯಲ್ಲಿ ಊಟಿಗೆ ಹೋಗಿ ಬಂದು, ಮೋಡದ ನಡುವೆ ನಿಂತ ಫೋಟೊ ಇಡೀ ಶಾಲೆಗೆ ತೋರಿಸಿದ್ದಳು. "ಕಂಪ್ಲ್ಯಾಗ ಏನೈತಿ? ಗದ್ದಿ, ಕಬ್ಬು, ಸೊಳ್ಳಿ," ಅಂದಿದ್ದಳು.

ಗಂಗೋತ್ರಿಗೆ ಕೆಟ್ಟ ಸಿಟ್ಟು ಬಂದಿತ್ತು. ಸಂಡೂರಿನ ಮೇಲೆ ರಾಮಗಡ ಇದೆ, ಬ್ರಿಟಿಷರು ಬೇಸಿಗೆ ಕಳೆಯಲು ಬಂಗಲೆ ಕಟ್ಟಿಕೊಂಡ ಬೆಟ್ಟದೂರು ಅದು, ಅಲ್ಲೂ ಮೋಡ ಕೈಗೆ ಸಿಗುತ್ತದೆ, ಸೋಮವಾರ ಫೋಟೊ ತಂದು ತೋರಿಸುತ್ತೇನೆ ಎಂದು ಎಲ್ಲರ ಮುಂದೆ ಸವಾಲು ಹಾಕಿದ್ದಳು. ಅದಕ್ಕೇ ಇವತ್ತು ಕೋಳಿ ಕೂಗುವ ಮುಂಚೆ ಮನೆಯವರನ್ನೆಲ್ಲ ಎಬ್ಬಿಸಿ ಹೊರಡಿಸಿದ್ದಳು. ಎಲ್ಲಿಗೆ ಕರೆದರೂ ಬಾರದ ಅಜ್ಜ, ಸಂಡೂರು ಅಂದ ಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲೇ ಗಾಡಿಯಲ್ಲಿ ಕೂತುಬಿಟ್ಟಿದ್ದ.

ಸಂಡೂರಿನ ಹಂಪಮ್ಮ ಅಜ್ಜನ ತಂಗಿ. ಜಗಳದ ಬೇರು ಇಷ್ಟೇ: ಆಕೆಯ ಮಗನ ಮದುವೆಯಲ್ಲಿ ಅಜ್ಜನನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ತವರಿನ ಹಿರಿಯರು ತಾವಾಗಿ ಪಂಕ್ತಿಗೆ ಹೋಗಿ ಕೂರುವುದಿಲ್ಲ. ಮನೆಯವರು ಬಂದು, ಕೈ ಹಿಡಿದು, ಮೂರು ಸಲ ಕರೆಯಬೇಕು. ಆವತ್ತಿನ ಗದ್ದಲದಲ್ಲಿ ಮರೆತರು. ಅಜ್ಜ ಕಂಬಕ್ಕೆ ಒರಗಿ ಕೂತೇ ಇದ್ದ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು, ಹೋಳಿಗೆ ಮುಗಿಯಿತು, ಪಾತ್ರೆ ತಿಕ್ಕುವ ಸದ್ದೂ ಕೇಳಿಸಿತು. ಆಗ ಎದ್ದು ಬಂದವನು ಮತ್ತೆ ಆ ಹೊಸ್ತಿಲು ತುಳಿದಿಲ್ಲ. ಗಂಗೋತ್ರಿ ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಸಂಡೂರು ಬಂತು.

"ಎಡಕ್ಕ ಹೊಡಿ," ಎಂದ ಅಜ್ಜ.

"ಬೆಟ್ಟದ ರೋಡು ಸೀದಾ ಐತಲ್ಲ ಯಪ್ಪಾ."

"ನನಗ ಸಂಡೂರು ತೋರಿಸ್ತಿಯೇನಲೇ? ಹೊಡಿ ಅಂದ್ರ ಹೊಡಿ."

ಎಡಕ್ಕೆ ತಿರುಗಿದರೆ ಹಂಪಮ್ಮಜ್ಜಿಯ ಓಣಿ.

"ನಿಂದ್ರಿಸಬ್ಯಾಡ ಮತ್ತ. ಮೆಲ್ಲಕ ಹೋಗು, ರೋಡು ಸರಿ ಇಲ್ಲ."

ರೋಡು ಕನ್ನಡಿಯ ಹಾಗಿತ್ತು.

"ಇನ್ನೂ ಮೆಲ್ಲಕ."

ಓಮ್ನಿ ಎಷ್ಟು ಮೆಲ್ಲಗೆ ಹೋಯಿತೆಂದರೆ, ಪಕ್ಕದಲ್ಲಿ ಹೊರಟಿದ್ದ ಹೇಂಟೆಯೊಂದು ಮರಿಗಳ ಸಮೇತ ಮುಂದೆ ದಾಟಿತು. ಅಜ್ಜ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ.

"ನೋಡು, ಬಾಗಲಕ್ಕ ಗಿಳಿಹಸಿರು ಬಣ್ಣ ಹೊಡಿಸ್ಯಾಳ. ಬುದ್ಧಿ ಐತೇನು ಆಕಿಗೆ? ನಿಂದ್ರಿಸಲೇ. ಎರಡು ಮಾತು ಬೈದು ಬರ್ತೀನಿ."

"ಅಜ್ಜ, ಮಂಜು," ಎಂದಳು ಗಂಗೋತ್ರಿ.

"ಎರಡೇ ಮಾತು."

ಅಜ್ಜ ಪಂಚೆ ಕೊಡವಿಕೊಂಡು ಒಳಗೆ ಹೋದ. ಕೂಗಾಟ ಶುರುವಾಯಿತು. ಎರಡು ಮಾತಂತೂ ಆಗಿರಲಿಲ್ಲ. ಹಂಪಮ್ಮಜ್ಜಿಯೂ ಏನು ಕಡಿಮೆಯವಳಲ್ಲ. "ತಂಗಿ ಸತ್ತಾಳೋ ಅದಾಳೋ ಅಂತ ಒಂದಿನ ಕೇಳಿದ್ಯಾ?" ಎಂದು ಕೂಗಿದ್ದು ಓಣಿಯ ಕೊನೆಗೂ ಕೇಳಿಸಿತು. ಎದುರು ಮನೆಯವಳು ಕಸಬರಿಗೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸತೊಡಗಿದಳು.

ಆಮೇಲೆ ಸದ್ದು ನಿಂತಿತು. ಅಜ್ಜ ಮಾತ್ರ ಬರಲಿಲ್ಲ.

ದೂರದಲ್ಲಿ ಬೆಟ್ಟದ ನೆತ್ತಿಯ ಮೇಲೆ ಮಂಜು ರುಮಾಲು ಸುತ್ತಿದಂತೆ ಕೂತಿತ್ತು. ಅಂಚು ಆಗಲೇ ಸಡಿಲವಾಗುತ್ತಿತ್ತು.

"ಹೋಗಿ ಕರಕೊಂಡು ಬಾ ಗಂಗಿ. ನಮ್ಮ ಮಾತು ಕೇಳಂಗಿಲ್ಲ, ನೀ ಕರದ್ರ ಬರ್ತಾನ," ಎಂದ ಅಪ್ಪ.

ಗಂಗೋತ್ರಿ ಓಡಿದಳು. ಬಾಗಿಲ ಬಳಿ ನಿಂತುಬಿಟ್ಟಳು.

ಅಜ್ಜ ಗೋಡೆಗೆ ಒರಗಿ, ಮೋರೆ ಆ ಕಡೆ ತಿರುಗಿಸಿ ಕೂತಿದ್ದ. ನಡುಮನೆಯಲ್ಲಿ ಮಣೆ ಹಾಕಿ, ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ ಬಡಿಸಿಟ್ಟಿತ್ತು. ಹಂಪಮ್ಮಜ್ಜಿ ಅವನ ಕೈ ಹಿಡಿದುಕೊಂಡು ನಿಂತಿದ್ದಳು.

"ಏಳಣ್ಣ, ಉಣ್ಣಾಕೇಳು."

"ಹಸಿವಿಲ್ಲ. ಹೊರಗ ಮೊಮ್ಮಗಳು ಕಾಯಾಕ ಹತ್ಯಾಳ. ಆಕಿ ಕರದ್ರ ನಾನು ಹೊಂಟೆ."

"ಏಳಣ್ಣ."

"ಬ್ಯಾಡ ಅಂದೆನಲ್ಲ."

ಅನ್ನುವುದೇನೋ ಅಂದ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಗಂಗೋತ್ರಿಯ ಬಾಯಿಗೆ 'ಅಜ್ಜ' ಎಂಬ ಮಾತು ಬಂದು ನಿಂತಿತ್ತು. ಅದೊಂದು ಕೇಳಿದರೆ ಸಾಕು, ಅವನು ಎದ್ದು ಬಂದೇ ಬಿಡುತ್ತಾನೆ. ಮಂಜೂ ಸಿಗುತ್ತದೆ, ಫೋಟೊನೂ ಸಿಗುತ್ತದೆ. ಆದರೆ ಹಂಪಮ್ಮಜ್ಜಿ ಇನ್ನೊಂದು ಸಲ ಕರೆಯುವುದು ಬಾಕಿಯಿತ್ತು.

ಗಂಗೋತ್ರಿ ಬಾಯಿ ಮುಚ್ಚಿಕೊಂಡಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಗಾಡಿಗೆ ವಾಪಸು ಬಂದಳು.

"ಏನಂದ?" ಎಂದ ಅಪ್ಪ.

"ಇನ್ನೂ ಬೈಯಾಕ ಹತ್ಯಾನಪ್ಪ. ಭಾಳ ಬಾಕಿ ಐತಂತ."

"ಹಾರ್ನ್ ಹೊಡೀಲೇನು?"

"ಬ್ಯಾಡ. ಸುಮ್ಕಿರು."

ಬಿಸಿಲು ಏರಿತು. ಬೆಟ್ಟದ ಮೇಲಿನ ಮಂಜು ತೆಳ್ಳಗಾಗಿ, ಹರಿದು, ಹಸಿರು ಗುಡ್ಡ ಬೋಳಾಗಿ ಎದ್ದು ನಿಂತಿತು. ಗಂಗೋತ್ರಿ ಕಿಟಕಿಗೆ ಗದ್ದ ಊರಿ ಅದನ್ನೇ ನೋಡುತ್ತ ಕೂತಳು. ಶೈಲಶ್ರೀಗೆ ಏನು ಹೇಳುವುದೋ, ಸೋಮವಾರ ನೋಡಿಕೊಂಡರಾಯಿತು.

ಅಜ್ಜ ಹೊರಗೆ ಬರಲಿಲ್ಲ.