ಆರು ಸಾಲು, ಒಂದು ಬೀಗ

"ಒಂಬತ್ತನೇ ಕ್ಲಾಸ್ ಪಾಸಾಗದವನು ನಮಗೆ ಕರ್ನಲ್ ಪಾಠ ಹೇಳ್ತಾನಂತೆ. ಕೇಳಿಸ್ಕೊಳ್ಳಿ ಎಲ್ರೂ."

ನಮ್ಮ ಆಫೀಸಿನ ಹೆಡ್ ಹೇಳಿದರು. ನಲವತ್ತು ಜನರ ಮುಂದೆ. ಒಂದು ಕೈಯಲ್ಲಿ ಕಾಫಿ ಕಪ್, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ನಾನು ಕೂರಲಿಲ್ಲ. ಗೋಡೆಯ ಪರದೆಯ ಮೇಲೆ ಆರು ಸಾಲಿನ ಪ್ಯಾಚ್ ಇತ್ತು. ಅದನ್ನೇ ನೋಡುತ್ತಿದ್ದೆ.

"ಸರ್, ಇದು ತಪ್ಪಿದೆ."

"ಏನಪ್ಪಾ ತೇಪೆ, ಏನು ತಪ್ಪು? ಕ್ಲೀನಾಗಿ ಕೂತಿದೆ. ಒಂದೇ ಒಂದು ಎರರ್ ಬಂದಿಲ್ಲ."

ತೇಪೆ. ಆ ಆಫೀಸಿನಲ್ಲಿ ಅದೇ ನನ್ನ ಹೆಸರು. ಮೂರು ವರ್ಷದಿಂದ.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ, ಕೇಳಿ. ಯಂತ್ರ ಓಡಿಸುವ ಕಂಪ್ಯೂಟರಿಗೆ ಕರ್ನಲ್ ಎಂಬ ಬುಡ ಇರುತ್ತದೆ. ಅದು ನಿಂತರೆ ಮೇಲಿರುವುದೆಲ್ಲ ಹೆಣ. ಹೊಸ ಕರ್ನಲ್ ಬರುತ್ತಲೇ ಇರುತ್ತದೆ. ಆದರೆ ಕಾರ್ಖಾನೆಯ ಕ್ರೇನು ಹತ್ತು ವರ್ಷದ ಹಳೆಯದನ್ನೇ ಬೇಡುತ್ತದೆ, ಹೊಸದು ಅದಕ್ಕೆ ಜೀರ್ಣವಾಗುವುದಿಲ್ಲ. ಹಾಗಾಗಿ ಹೊಸದರಲ್ಲಿ ಮಾಡಿದ ತಿದ್ದುಪಡಿಯನ್ನು ಕತ್ತರಿಸಿ ತಂದು ಹಳೆಯದಕ್ಕೆ ಹೊಲಿಯಬೇಕು. ಆ ತುಂಡೇ ಪ್ಯಾಚ್, ತೇಪೆ. ಹೊಲಿಯುವ ಕೆಲಸ ಬ್ಯಾಕ್‌ಪೋರ್ಟ್. ಗುಜರಿ ಅಂಗಡಿಯಲ್ಲಿ ಸತ್ತ ಕಂಪ್ಯೂಟರುಗಳನ್ನು ಎಬ್ಬಿಸುತ್ತಾ ಕಲಿತವನು ನಾನು. ಹಳೆಯದರ ಮೈ ನನಗೆ ಗೊತ್ತು.

"ಕ್ಲೀನಾಗಿ ಕೂತಿದ್ದೇ ತೊಂದರೆ ಸರ್. ಹೊಸದರಲ್ಲಿ ಈ ಕೆಲಸಕ್ಕೆ ಹೋಗೋ ಕೋಡು, ಒಬ್ಬ ಆಳು ಅನ್ಕೊಳ್ಳಿ, ಬೇರೆಯವನು ಒಳಗೆ ಬರದ ಹಾಗೆ ತಾನೇ ಬೀಗ ಹಾಕ್ಕೊಂಡು ಹೋಗ್ಬೇಕು. ಹಳೇದರಲ್ಲಿ ಅವನನ್ನ ಕಳಿಸಿದೋನೇ ಆಗ್ಲೇ ಬೀಗ ಹಾಕಿರ್ತಾನೆ. ಇವನು ಹೋಗಿ ಮತ್ತೆ ಹಾಕೋಕೆ ನಿಂತ್ಕೋತಾನೆ. ಬೀಗ ಬಿಡುಗಡೆ ಆಗ್ಲಿ ಅಂತ ಕಾಯ್ತಾನೆ. ಬಿಡಬೇಕಾದೋನು ಇವನಿಗೇ ಕಾಯ್ತಿರ್ತಾನೆ. ಅಲ್ಲಿಗೆ ಮುಗೀತು, ಕಂಪ್ಯೂಟರ್ ಕಲ್ಲು."

"ಲ್ಯಾಬಲ್ಲಿ ಎರಡು ದಿನ ಓಡಿದೆಯಲ್ಲಯ್ಯಾ."

"ಲ್ಯಾಬಲ್ಲಿ ತೂಕದ ಸೆನ್ಸರ್ ಎಲ್ಲಿದೆ ಸರ್? ಅದು ಎಡವಿದಾಗ ಮಾತ್ರ ಈ ಸಾಲು ಓಡೋದು. ಫೌಂಡ್ರಿಯಲ್ಲಿ ದಿನಕ್ಕೆ ಮೂರು ಸಲ ಎಡವುತ್ತೆ."

"ಕೂತ್ಕೋ. ಬೆಳಗ್ಗೆನೇ ಫೌಂಡ್ರಿಗೆ ಕಳಿಸಿ ಆಯ್ತು. ಹನ್ನೊಂದರ ಟೀ ಬ್ರೇಕಲ್ಲಿ ಕ್ರೇನು ರೀಸ್ಟಾರ್ಟ್ ಆಗುತ್ತೆ."

ಗಡಿಯಾರ ನೋಡಿದೆ. ಹತ್ತು ನಲವತ್ತೈದು.

ಆ ಕ್ರೇನು ಕರಗಿದ ಕಬ್ಬಿಣ ತುಂಬಿದ ಬಕೆಟ್ಟನ್ನು ಹೊರುತ್ತದೆ. ಎರಡಾಳೆತ್ತರದ ಬಕೆಟ್ಟು. ಅದರ ಕೆಳಗೆ ನಿಂತು ಕೈಸನ್ನೆಯಲ್ಲಿ ದಾರಿ ತೋರಿಸುವವನು ನಮ್ಮಣ್ಣ.

ಫೌಂಡ್ರಿಗೆ ಫೋನ್ ಮಾಡಿದೆ. ಕಂಟ್ರೋಲ್ ರೂಮಿನವನು ಆಕಳಿಸಿದ. "ನಿಮ್ಮ ಹೆಡ್‌ನಿಂದ ಮೇಲ್ ಬರ್ಲಿ." ಅಣ್ಣನಿಗೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಅವರ ಫೋನುಗಳೆಲ್ಲ ಗೇಟಿನ ಲಾಕರಿನಲ್ಲಿ.

ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಹೊರಟೆ.

"ಅವನನ್ನ ಹಿಡ್ಕೊಳ್ರೋ." ಹೆಡ್ ಕೂಗಿದರು. " ಲ್ಯಾಪ್‌ಟಾಪ್ ಕಂಪನಿದು."

ಲಿಫ್ಟಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಅಡ್ಡ ನಿಂತ. ನಾವೆಲ್ಲ ಅವನನ್ನು ಗೋಡೆ ಎನ್ನುತ್ತೇವೆ. ನೋಡಿದರೆ ನಿಮಗೂ ಅದೇ ಹೆಸರು ಹೊಳೆಯುತ್ತದೆ.

"ಬ್ಯಾಗ್ ಕೊಡು ಮರಿ. ಸುಮ್ನೆ ರಂಪ ಬೇಡ."

"ನಮ್ಮಣ್ಣ ಸಾಯ್ತಾನೆ. ಬಿಡು."

"ಎಲ್ರಿಗೂ ಒಬ್ಬ ಅಣ್ಣ ಇರ್ತಾನೆ."

ಕತ್ತಿನ ಪಟ್ಟಿ ಹಿಡಿದ. ನಾನು ತಲೆ ಬಗ್ಗಿಸಿ ಅವನ ಮೂಗಿಗೆ ಢಿಕ್ಕಿ ಕೊಟ್ಟೆ. ಅಂಗಿಯ ಗುಂಡಿಗಳು ಅವನ ಕೈಯಲ್ಲಿ ಉಳಿದವು. ಮೆಟ್ಟಿಲು... ಐದು ಮಹಡಿ. ಹಿಂದೆ ಬೂಟಿನ ಸದ್ದು, ಬೈಗುಳ. ಬೈಕು ಎರಡನೇ ಒದೆತಕ್ಕೆ ಸ್ಟಾರ್ಟಾಯಿತು. ಕನ್ನಡಿಯಲ್ಲಿ ಗೋಡೆ ಮೂಗು ಹಿಡಿದುಕೊಂಡು ಜೀಪಿನ ಬಾಗಿಲು ತೆಗೆಯುತ್ತಿದ್ದ.

ಏಳು ಕಿಲೋಮೀಟರು. ನಾಲ್ಕು ಸಿಗ್ನಲ್ಲು. ಒಂದಕ್ಕೂ ನಿಲ್ಲಲಿಲ್ಲ. ಮೂರನೆಯದರಲ್ಲಿ ಲಾರಿಯೊಂದು ನನ್ನ ಮೊಣಕಾಲನ್ನು ಸವರಿಕೊಂಡು ಹೋಯಿತು. ಡ್ರೈವರ್ ನಮ್ಮ ವಂಶವನ್ನೆಲ್ಲ ನೆನೆದ. ಜೀಪು ಆ ಲಾರಿಯ ಹಿಂದೆ ಸಿಕ್ಕಿಕೊಂಡಿತು.

ಫೌಂಡ್ರಿಯ ಗೇಟು ಮುಚ್ಚಿತ್ತು. ಪಕ್ಕದ ಕಿಟಕಿಯಲ್ಲಿ ನಮ್ಮ ಅತ್ತಿಗೆ. ಹಾಜರಿ ಹಾಕುವ ಕೆಲಸ ಅವಳದು.

"ಏನೋ ಇದು ಅವತಾರ? ಗುಂಡಿಗಳನ್ನ ಯಾರಿಗೆ ದಾನ ಮಾಡ್ದೆ?"

"ಅತ್ತಿಗೆ, ಕ್ರೇನು ಶುರುವಾಯ್ತಾ?"

"ಐದು ನಿಮಿಷ ಆಯ್ತು. ಯಾಕೆ?"

"ಅದು ನಿಲ್ಲಲ್ಲ. ಅಣ್ಣ ಕೆಳಗಿದ್ದಾನೆ."

ಅವಳು ತಟ್ಟನೆ ಎದ್ದಳು. ಹೆಲ್ಮೆಟ್ ನನ್ನತ್ತ ಎಸೆದಳು. ಗೇಟಿನ ಸರಳು ಎತ್ತಿದಳು. "ನಿಂತ್ಕೊಂಡು ಏನ್ ನೋಡ್ತೀಯ, ಓಡು," ಎಂದಳು.

ಓಡಿದೆ.

ಒಳಗೆ ಸೆಕೆ ಮುಖಕ್ಕೆ ಹೊಡೆಯಿತು. ಬಕೆಟ್ಟು ಮೇಲಿನ ಹಳಿಗಳಿಂದ ತೂಗುತ್ತಾ ಬರುತ್ತಿತ್ತು, ಬಾಯಿ ಕೆಂಪಗೆ. ಅಣ್ಣ ಕೈ ಎತ್ತಿದ. ನಿಲ್ಲು ಎಂಬ ಸನ್ನೆ. ಬಕೆಟ್ಟು ನಿಲ್ಲಲಿಲ್ಲ. ಮತ್ತೆ ಎತ್ತಿದ. ಮೇಲೆ ಕ್ಯಾಬಿನ್ನಿನಲ್ಲಿ ಕ್ರೇನ್ ಡ್ರೈವರ್ ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಏನೂ ಉಪಯೋಗವಿಲ್ಲ. ಹಿಡಿಕೆ ಕಂಪ್ಯೂಟರಿಗೆ ಹೇಳಬೇಕು, ಕಂಪ್ಯೂಟರು ಮೋಟಾರಿಗೆ ಹೇಳಬೇಕು. ಕಂಬದ ಮೇಲಿನ ಪರದೆಯಲ್ಲಿ ತೂಕದ ಅಂಕಿ ಹೆಪ್ಪುಗಟ್ಟಿತ್ತು. ಸೆನ್ಸರ್ ಎಡವಿತ್ತು. ಬೀಗ ಬಿದ್ದಿತ್ತು. ಮೋಟಾರು ಕೊನೆಯದಾಗಿ ಕೇಳಿಸಿಕೊಂಡ ಮಾತು 'ಮುಂದೆ ಹೋಗು'. ಅದು ಹೋಗುತ್ತಿತ್ತು.

ಅಣ್ಣ ಹಿಂದಕ್ಕೆ ಹೆಜ್ಜೆ ಇಟ್ಟ. ಹಿಂದೆ ಅಚ್ಚುಗಳ ರಾಶಿ. ಹೋಗಲು ಜಾಗವಿಲ್ಲ.

ನನ್ನ ಪಕ್ಕದ ಕಂಬದಲ್ಲೇ ಕೆಂಪು ಬಟನ್ನಿತ್ತು, ಅಣ್ಣನಿಗೆ ಎಟುಕದಷ್ಟು ದೂರ. ಅದು ಯಾವ ಕಂಪ್ಯೂಟರನ್ನೂ ಕೇಳುವುದಿಲ್ಲ, ನೇರ ಕರೆಂಟನ್ನೇ ಕತ್ತರಿಸುತ್ತದೆ. ಮುಷ್ಟಿ ಕಟ್ಟಿ ಗುದ್ದಿದೆ.

ದೀಪ ಆರಿತು. ಬ್ರೇಕು ಕಚ್ಚಿದ ಕಿರುಚಾಟ. ಬಕೆಟ್ಟು ಜೋಲಿ ಹೊಡೆದು ಒಂದು ಬೊಗಸೆಯಷ್ಟು ಬೆಂಕಿಯನ್ನು ಚೆಲ್ಲಿತು. ಅಣ್ಣ ಪಕ್ಕಕ್ಕೆ ಬಿದ್ದ.

ಎದ್ದ. ಬಲಗೈಯ ಗವಸು ಹೊಗೆಯಾಡುತ್ತಿತ್ತು. ಕಿತ್ತು ನೆಲಕ್ಕೆ ಬಿಸಾಡಿದ. ಮುಂಗೈ ಸುಟ್ಟಿತ್ತು. ಬೆರಳುಗಳು ಐದೂ ಇದ್ದವು. ಎಣಿಸಿದೆ.

ಕ್ರೇನಿನ ಕಂಪ್ಯೂಟರ್ ಇರುವ ಪ್ಯಾನೆಲ್ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್ ಜೋಡಿಸಿದೆ. ಹಳೆಯದನ್ನೇ ವಾಪಸ್ ಹಾಕಬೇಕು. ಅಷ್ಟರಲ್ಲಿ ಗೋಡೆ ಬಂದ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಕಿಟಕಿಯಿಂದ ಬಕೆಟ್ಟನ್ನು ನೋಡಿದ. ಅಣ್ಣನ ಕೈ ನೋಡಿದ. ಬಾಗಿಲಿನ ಹೊರಗೆ ಹೋಗಿ ನಿಂತ. ಬ್ಯಾಗ್ ಕೇಳಲಿಲ್ಲ.

ಪ್ಯಾಚನ್ನು ತೆರೆದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಪ್ಯಾಚಿನ ಬುಡದಲ್ಲೂ ಹೆಸರುಗಳಿರುತ್ತವೆ. ಬರೆದವರು ಯಾರು, ಯಂತ್ರದ ಮೇಲೆ ಓಡಿಸಿ ಪರೀಕ್ಷಿಸಿದವರು ಯಾರು. ಒಮ್ಮೆ ಹೊರಗೆ ಹೋದರೆ ಅಳಿಸಲಾಗದು. ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇರುತ್ತದೆ.

ಬರೆದವರು: ಹೆಡ್.

ಪರೀಕ್ಷಿಸಿದವರು: ನಾನು.

ಎರಡು ಸಲ ಓದಿದೆ. ಆ ಪ್ಯಾಚನ್ನು ನಾನು ಮೊದಲ ಸಲ ಕಂಡಿದ್ದು ಅದೇ ಬೆಳಗ್ಗೆ, ನಲವತ್ತು ಜನರ ಮುಂದೆ.

ಅಣ್ಣ ತಣ್ಣೀರಿನ ಡಬ್ಬಿಯಲ್ಲಿ ಕೈ ಅದ್ದಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದ.

"ಯಾವ ಬೇವರ್ಸಿನೋ ಇದನ್ನ ಟೆಸ್ಟ್ ಮಾಡಿದ್ದು?"

"ಇಲ್ಲಿ ಬರೆದಿರೋ ಪ್ರಕಾರ... ನಾನೇ."

ಅವನು ಬಗ್ಗಿ ಪರದೆ ಓದಿದ. "ನೀನು ಮಾಡಿದ್ರೆ ಹಿಂಗಾಗ್ತಿರ್ಲಿಲ್ಲ ಬಿಡು," ಎಂದ.

ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ. ಪ್ಯಾಚ್ ವಾಪಸ್. ಕಾರಣ: ಹಳೆಯದರಲ್ಲಿ ಬೀಗ ಮೊದಲೇ ಇದೆ, ಕಂಪ್ಯೂಟರ್ ನಿಲ್ಲುತ್ತದೆ, ಕ್ರೇನು ನಿಲ್ಲುವುದಿಲ್ಲ, ಒಬ್ಬನ ಕೈ ಸುಟ್ಟಿದೆ. ಕೆಳಗೆ ಇನ್ನೊಂದು ಸಾಲು: ಮೂಲ ಪ್ಯಾಚನ್ನು ಕ್ರೇನಿನ ಮೇಲೆ ಯಾರೂ ಪರೀಕ್ಷಿಸಿಲ್ಲ, ನನ್ನ ಹೆಸರನ್ನು ನನಗೆ ತಿಳಿಸದೆ ಹಾಕಲಾಗಿದೆ. ಆ ಕರ್ನಲ್ ಬಳಸುವ ಪ್ರತಿಯೊಂದು ಕಾರ್ಖಾನೆಗೂ ಕಳಿಸಿದೆ.

ಮಾರನೆಯ ಬೆಳಗ್ಗೆ ಅದೇ ಹಾಲ್. ಅದೇ ನಲವತ್ತು ಜನ. ಯಾರೂ ಕಿಸಕ್ಕೆನ್ನಲಿಲ್ಲ.

"ಬಾಪ್ಪಾ, ಕೂತ್ಕೋ." ಹೆಡ್ ರಾತ್ರಿಯೆಲ್ಲ ನಿದ್ದೆ ಮಾಡಿದಂತಿರಲಿಲ್ಲ. "ಫೌಂಡ್ರಿಯವರು ವಿಚಾರಣೆಗೆ ಬರ್ತಿದ್ದಾರೆ. 'ಲ್ಯಾಬಲ್ಲಿ ಟೆಸ್ಟ್ ಮಾಡಿದ್ದೆ, ಸರಿ ಇತ್ತು, ಆಮೇಲೆ ಗಾಬರಿಯಲ್ಲಿ ಏನೋ ಬರೆದ್ಬಿಟ್ಟೆ...' ಅಂತ ಒಂದು ಮಾತು ಹೇಳ್ಬಿಡು. ನಾವೆಲ್ಲ ಒಂದೇ ಮನೆಯವರ ಥರ ಅಲ್ವಾ? ಇನ್ಮೇಲೆ ಟೀಮ್ ಲೀಡ್ ನೀನೇ."

ಬ್ಯಾಗಿನಿಂದ ಅಣ್ಣನ ಗವಸು ತೆಗೆದೆ. ಅದರ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರ ಕಾಫಿ ಕಪ್ಪಿನ ಪಕ್ಕ ಇಟ್ಟೆ. ಲ್ಯಾಪ್‌ಟಾಪನ್ನೂ ಇಟ್ಟೆ, ಅದು ಕಂಪನಿಯದು.

ತಿರುಗಿ ನಡೆದೆ.

"ಲೋ ತೇಪೆ... ನಿಲ್ಲೋ."

ನಿಲ್ಲಲಿಲ್ಲ. ಲಿಫ್ಟಿನ ಹತ್ತಿರ ಗೋಡೆ ಇದ್ದ, ಮೂಗಿಗೆ ಪಟ್ಟಿ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಗ ಹೆಡ್ ನನ್ನ ಹೆಸರು ಹಿಡಿದು ಕೂಗಿದರು. ಅಪ್ಪ ಅಮ್ಮ ಇಟ್ಟ ಹೆಸರು. ಮೂರು ವರ್ಷದಲ್ಲಿ ಅವರ ಬಾಯಿಂದ ಅದೇ ಮೊದಲ ಸಲ.

ನನಗೇನೂ ಆಶ್ಚರ್ಯವಾಗಲಿಲ್ಲ. ಪ್ಯಾಚಿನ ಬುಡದಲ್ಲೂ ಅದನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದರಲ್ಲ.